ನಕ್ಷೆ ಸರಿಯಾಗಿದೆ, ನಿವಾಸಿಯೇ ತಪ್ಪು

ಮಂಗಳೂರಿನ ನಗರ ಯೋಜನೆಯನ್ನು ಮಳೆಗಾಲದಲ್ಲೊಮ್ಮೆ, ಸೆಕೆಗಾಲದಲ್ಲೊಮ್ಮೆ ತಪ್ಪದೆ ದೂರುವವರು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯನ್ನು ಒಂದು ಸಲವಾದರೂ ಬಿಡಿಸಿ ನೋಡಿದಂತಿಲ್ಲ. ನೋಡಿದ್ದರೆ ಅವರ ಬಾಯಿ ತಾನಾಗಿ ಮುಚ್ಚುತ್ತಿತ್ತು. ಅಲ್ಲಿ ವಸತಿ ಪ್ರದೇಶಕ್ಕೆ ಹಳದಿ, ಉದ್ಯಾನಕ್ಕೆ ಹಸಿರು, ವಾಣಿಜ್ಯಕ್ಕೆ ನೀಲಿ. ರಸ್ತೆಗಳು ಯಾರ ಕಾಂಪೌಂಡಿಗೂ ಹೆದರದೆ ಒಂದೇ ಅಗಲದಲ್ಲಿ ಸಾಗುತ್ತವೆ. ಮಳೆನೀರು ಹರಿಯುವ ತೋಡುಗಳು ಯಾರ ಅಡುಗೆಮನೆಗೂ ನುಗ್ಗದೆ ಸೀದಾ ನೇತ್ರಾವತಿಯನ್ನೋ ಫಲ್ಗುಣಿಯನ್ನೋ ಸೇರುತ್ತವೆ. ಇಷ್ಟು ಆರೋಗ್ಯಕರವಾದ ಊರಿನಲ್ಲಿ ಬದುಕುವುದು ಕಷ್ಟವಾಗುತ್ತಿದೆ ಎಂದಾದರೆ ತಪ್ಪನ್ನು ಊರಿನಲ್ಲಿ ಹುಡುಕುವುದು ನ್ಯಾಯವಲ್ಲ. ಕೊರತೆ ಇರುವುದು ನಿವಾಸಿಯಲ್ಲಿ. ಅವನು ನಡೆಯುತ್ತಾನೆ, ಬೆವರುತ್ತಾನೆ, ಗಾಳಿ ಬೇಕೆನ್ನುತ್ತಾನೆ, ರಾತ್ರಿಯಾದರೆ ನಿದ್ದೆ ಬಯಸುತ್ತಾನೆ, ಸಾಲದೆಂಬಂತೆ ವರ್ಷ ಹೋದ ಹಾಗೆ ಮುದುಕನೂ ಆಗುತ್ತಾನೆ. ಇವುಗಳಲ್ಲಿ ಒಂದಕ್ಕೂ ನಕ್ಷೆಯಲ್ಲಿ ಬಣ್ಣ ಗೊತ್ತುಮಾಡಿಲ್ಲ.

2016ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಹೆಸರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗಲೇ ನಿವಾಸಿಗಳು ತಮ್ಮನ್ನು ತಿದ್ದಿಕೊಳ್ಳಬೇಕಿತ್ತು. ಊರಂತೂ ತನ್ನ ಪಾಲಿನ ಕೆಲಸ ಮಾಡಿದೆ. ವಾಹನ ಸಂಚಾರಕ್ಕೆ ಅಡ್ಡಿಯೆಂದು ಹಿಂದೊಮ್ಮೆ ಕೆಡವಿದ್ದ ಹಂಪನಕಟ್ಟೆಯ ಗಡಿಯಾರ ಗೋಪುರವನ್ನು, ವಾಹನಗಳು ಹಲವು ಪಟ್ಟು ಹೆಚ್ಚಿದ ಮೇಲೆ ಮತ್ತೆ ಕಟ್ಟಿ ನಿಲ್ಲಿಸಿದೆ. ಕಾಂಕ್ರೀಟ್ ರಸ್ತೆ ಹಾಕಿದೆ. ಹಾಕಿದ ರಸ್ತೆಯನ್ನು ಕುಡಿಯುವ ನೀರಿನ ಪೈಪಿಗಾಗಿ ಒಮ್ಮೆ, ಗ್ಯಾಸ್ ಪೈಪಿಗಾಗಿ ಇನ್ನೊಮ್ಮೆ ಕೊಯ್ದು, ಕೊಯ್ದ ಗಾಯಕ್ಕೆ ಜಲ್ಲಿ ತುಂಬಿ ದೊಡ್ಡ ಮನಸ್ಸನ್ನೂ ತೋರಿಸಿದೆ.

ನಡಿಗೆಯ ವಿಚಾರವನ್ನೇ ನೋಡಿ. ಸಕ್ಕರೆ ಕಾಯಿಲೆಯವರಿಗೆ ದಿನಾ ನಡೆಯಿರಿ ಎಂದು ಹೇಳುವ ವೈದ್ಯರು ಎಲ್ಲಿ ಎಂಬುದನ್ನು ಮಾತ್ರ ಚೀಟಿಯಲ್ಲಿ ಬರೆಯುವುದಿಲ್ಲ. ವಸತಿ ಪ್ರದೇಶದ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಇರಬೇಕು, ಅದರ ಎತ್ತರ ರಸ್ತೆಯಿಂದ 150 ಮಿಲಿಮೀಟರ್ ಮೀರಬಾರದು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಫುಟ್‌ಪಾತ್ ಎಂಬುದು ಬೇರೆಯಾಗಿ ಹುಟ್ಟಿದ ವಸ್ತುವೇ ಅಲ್ಲ, ಅದು ಚರಂಡಿಯ ಮುಚ್ಚಳ. ಬಿಜೈ ಕಡೆಯಿಂದ ಕದ್ರಿಯತ್ತ ಬೆಳಿಗ್ಗೆ ಹೊರಟವರು ಮೊದಲು ಮೊಣಕಾಲೆತ್ತರದ ಮೆಟ್ಟಿಲು ಹತ್ತಬೇಕು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಯಾರದೋ ಗೇಟಿನ ಇಳಿಜಾರು ಬಂದು ಇಳಿಸುತ್ತದೆ. ಮತ್ತೆ ಹತ್ತಿದರೆ ಟ್ರಾನ್ಸ್‌ಫಾರ್ಮರಿನ ಬೇಲಿ. ಅದನ್ನು ಸುತ್ತಿ ಬಂದರೆ ಒಂದು ಚಪ್ಪಡಿ ಕಾಣೆಯಾಗಿ, ಆ ಬಾಯಿಯೊಳಗೆ ಯಾರೋ ಪುಣ್ಯಾತ್ಮರು ಎಚ್ಚರಿಕೆಗೆಂದು ಊರಿಟ್ಟ ಮರದ ಗೆಲ್ಲು ನಿಂತಿರುತ್ತದೆ. ಆ ಗೆಲ್ಲು ಚಿಗುರಿದರೆ ನಗರ ಹಸಿರೀಕರಣದ ಲೆಕ್ಕಕ್ಕೆ ಸೇರಬಹುದು. ಇದೆಲ್ಲ ಬೇಡವೆಂದು ರಸ್ತೆಯ ಅಂಚಿನಲ್ಲೇ ನಡೆಯುತ್ತಿದ್ದ ಹಿರಿಯರೊಬ್ಬರಿಗೆ ರಿಕ್ಷಾದವರು ಬ್ರೇಕ್ ಹಾಕಿ, "ಅಜ್ಜಾ, ಫುಟ್‌ಪಾತ್ ಉಂಟಲ್ಲ ಮಾರಾಯ್ರೇ, ಮೇಲೆ ಹೋಗಿ" ಎಂದರು. "ಹೋಗ್ಲಿಕ್ಕೆ ಆಗ್ತದೆ ಮಗಾ, ಇಳಿಲಿಕ್ಕೆ ಆಂಬುಲೆನ್ಸ್ ಬೇಕಾಗ್ತದೆ" ಎಂದು ಅಜ್ಜ ನಡೆದೇ ಹೋದರು. ಯೋಜನೆಗೆ ಸಹಕರಿಸದ ಮೊಣಕಾಲುಗಳಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಮಳೆಯ ವಿಷಯದಲ್ಲಿ ನಮ್ಮ ಯೋಜನೆಯ ಮುಗ್ಧತೆ ಇನ್ನೂ ದೊಡ್ಡದು. ಈ ಊರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಎಂಬುದು ಗುಟ್ಟೇನಲ್ಲ. ಪಂಪ್‌ವೆಲ್ಲಿನಲ್ಲಿ ಬಸ್ಸಿಗೆ ಕಾಯುವ ಶಾಲಾ ಮಕ್ಕಳಿಗೂ ಅದು ಗೊತ್ತು, ಪರಶುರಾಮನ ಕಾಲದಿಂದ ಹೀಗೆಯೇ ಎಂದು ಹೇಳುವ ಅಜ್ಜಿಯರಿಗೂ ಗೊತ್ತು. ಆದರೂ ಪ್ರತಿ ಜೂನಿನಲ್ಲಿ ಕೊಟ್ಟಾರ ಚೌಕಿಯಲ್ಲಿ ಕಾರುಗಳು ತೇಲತೊಡಗಿದಾಗ ಹೊರಡುವ ಹೇಳಿಕೆಯಲ್ಲಿ ಮಳೆ 'ಅನಿರೀಕ್ಷಿತ'ವೇ ಆಗಿರುತ್ತದೆ. 2018ರ ಮೇ 29ರಂದು ಅರ್ಧ ಊರು ನೀರಿನೊಳಗೆ ನಿಂತ ಮೇಲೆ ಇನ್ನಾದರೂ ನಿರೀಕ್ಷಿಸುವ ಅಭ್ಯಾಸವಾಗಬಹುದು ಎಂದುಕೊಂಡವರಿದ್ದರು. ಅವರು ಮಳೆಯನ್ನು ಅರ್ಥಮಾಡಿಕೊಂಡಿದ್ದರು, ಕಚೇರಿಯನ್ನಲ್ಲ.

ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸಂಶೋಧನೆ ಬೇಕಿಲ್ಲ. ಈ ಊರು ಗುಡ್ಡ ಮತ್ತು ಬೈಲುಗಳ ಊರು. ಗುಡ್ಡದ ಮೇಲೆ ಬಿದ್ದ ನೀರನ್ನು ಮುರಕಲ್ಲೆಂಬ ತೂತುತೂತಾದ ಕೆಂಪುಕಲ್ಲು ಹೀರುತ್ತಿತ್ತು, ಹೀರಿ ಉಳಿದದ್ದು ತೋಡಿನಲ್ಲಿ ಇಳಿಯುತ್ತಿತ್ತು, ತೋಡು ತುಂಬಿದರೆ ಗದ್ದೆ ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು ಆಮೇಲೆ ಬಿಡುತ್ತಿತ್ತು. ಈಗ ಗುಡ್ಡವನ್ನು ಕಡಿದು ಆ ಮಣ್ಣಿನಿಂದಲೇ ಗದ್ದೆಯನ್ನು ತುಂಬಿಸಲಾಗುತ್ತದೆ. ಒಂದೇ ಟಿಪ್ಪರ್ ಮೇಲಿನವರ ಕಾಲಡಿಯ ನೆಲವನ್ನೂ ಕೆಳಗಿನವರ ನೀರಿನ ಜಾಗವನ್ನೂ ಒಂದೇ ಟ್ರಿಪ್ಪಿನಲ್ಲಿ ಮುಗಿಸಿಕೊಡುತ್ತದೆ. ಕಡಿಯದೆ ಉಳಿದ ಭಾಗ ಜುಲೈ ತಿಂಗಳಲ್ಲಿ ತಾನೇ ಜರಿದು ಬರುತ್ತದೆ, ಅದಕ್ಕೆ ಸಾಗಾಟದ ಖರ್ಚೂ ಇಲ್ಲ. ತೋಡಿನ ಎರಡು ಬದಿಗೆ ಕಾಂಕ್ರೀಟ್ ಗೋಡೆ, ಗೋಡೆಗೆ ಒತ್ತಿ ಪಾರ್ಕಿಂಗ್, ಮೇಲೆ ಸ್ಲ್ಯಾಬ್. ಒಳಗೆ ಹರಿಯುವ ನೀರು ಎಲ್ಲಿ ಹೋಗುತ್ತದೆ ಎಂಬುದು ಅದಕ್ಕೇ ಬಿಟ್ಟ ವಿಚಾರ.

ಉಳಿದ ನೆಲಕ್ಕೆ ಇಂಟರ್‌ಲಾಕ್ ಇದೆ. ಕರಾವಳಿಯವರ ಆಧುನಿಕ ಧರ್ಮ ಯಾವುದೆಂದು ಯಾರಾದರೂ ಕೇಳಿದರೆ ನಾನು ಸಂಕೋಚವಿಲ್ಲದೆ ಇಂಟರ್‌ಲಾಕ್ ಎನ್ನುತ್ತೇನೆ. ಅಂಗಳ, ದೈವಸ್ಥಾನದ ಪ್ರಾಂಗಣ, ಶಾಲೆಯ ಎದುರು, ಮದುವೆ ಹಾಲ್, ಬಾವಿಕಟ್ಟೆಯ ಸುತ್ತ, ಎಲ್ಲಿ ಮಣ್ಣು ಮುಖ ತೋರಿಸುತ್ತದೋ ಅಲ್ಲಿ ಕೆಂಪು, ಹಳದಿ, ಬೂದಿ ಬಣ್ಣದ ಬಿಲ್ಲೆಗಳು ಕೂರುತ್ತವೆ. ಮಾವಿನ ಮರ ಇದ್ದರೆ ಅದರ ತೊಗಟೆಗೆ ತಾಗುವವರೆಗೆ ಜೋಡಿಸಿ, ಸಂದಿಗೆ ಸಿಮೆಂಟು ಸುರಿಯಲಾಗುತ್ತದೆ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ 10 ಸೆಂಟ್ಸ್ ಜಾಗಕ್ಕೆ ವರ್ಷಕ್ಕೆ ಸುಮಾರು 14 ಲಕ್ಷ ಲೀಟರ್ ನೀರು ಆಕಾಶದಿಂದ ಬಿಟ್ಟಿಯಾಗಿ ಬರುತ್ತದೆ. ಪರವಾನಗಿಗಾಗಿ ಕೊಟ್ಟ ನಕ್ಷೆಯಲ್ಲಿ ಅದಕ್ಕೆ ಇಂಗುಗುಂಡಿ ಇದೆ. ನೆಲದಲ್ಲಿ ಇಂಟರ್‌ಲಾಕ್ ಇದೆ. ನೀರು ನಕ್ಷೆ ಓದಲು ಬಾರದೆ ಗೇಟಿನಿಂದ ಹೊರಗೆ ಹೋಗಿ, ರಸ್ತೆಯಲ್ಲಿ ಕಾಲು ಹಾದಿ ಹುಡುಕಿ, ತಗ್ಗಿನವರ ಮನೆ ಸೇರುತ್ತದೆ. ಮಳೆಯಲ್ಲಿ ಒಳಚರಂಡಿಯ ಮ್ಯಾನ್‌ಹೋಲ್‌ಗಳು ಉಕ್ಕುವುದರಲ್ಲಿಯೂ ಈ ನೀರಿಗೆ ಪಾಲಿದೆ, ಏಕೆಂದರೆ ಅಂಗಳದ ಪೈಪನ್ನು ಗುಟ್ಟಾಗಿ ಅದಕ್ಕೇ ಜೋಡಿಸಿದವರು ಕಡಿಮೆಯಿಲ್ಲ. ಅದೇ ಮನೆಯವರು ಮೇ ತಿಂಗಳಲ್ಲಿ ಬಾವಿ ಬತ್ತಿತೆಂದು ಟ್ಯಾಂಕರಿಗೆ ಫೋನು ಮಾಡುತ್ತಾರೆ. 2019ರ ಮೇಯಲ್ಲಿ ತುಂಬೆ ಅಣೆಕಟ್ಟಿನ ನೀರು ತಳ ಕಂಡು ಊರಿಗೆ ಪಾಳಿಯಲ್ಲಿ ನೀರು ಬಿಡಬೇಕಾಯಿತು. ಅದಾದ ಮೇಲೆಯೂ ಇಂಟರ್‌ಲಾಕ್‌ನವರಿಗೆ ಪುರುಸೊತ್ತು ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಇನ್ನು ಗಾಳಿ. ಒಣ ಸೆಕೆಯ ಊರಿನಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟು ಕಿಟಕಿ ಸಾಕು, ತೇವದ ಸೆಕೆಯ ಊರಿನಲ್ಲಿ ಆರನೇ ಒಂದು ಭಾಗ ಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಬೆವರು ಆರಬೇಕಾದರೆ ಗಾಳಿ ಮೈಮೇಲೆ ಹಾಯಬೇಕು ಎಂಬ ಸಾಮಾನ್ಯ ತಿಳಿವಳಿಕೆಯೇ ಇದರ ಹಿಂದಿದೆ. ಮಂಗಳೂರಿನಲ್ಲಿ ಮಧ್ಯಾಹ್ನ ಸಮುದ್ರದಿಂದ ಗಾಳಿ ಎದ್ದು ಪಡುವಣದಿಂದ ಬೀಸುತ್ತದೆ, ರಾತ್ರಿ ನೆಲದಿಂದ ಸಮುದ್ರದತ್ತ ಹೊರಳುತ್ತದೆ. ಈ ಗಾಳಿಗೆ ಪ್ರತಿಫಲ ನಿಗದಿಯಾಗದೆ ಇದ್ದದ್ದು ಒಂದು ದೊಡ್ಡ ಆಡಳಿತಾತ್ಮಕ ಲೋಪವಾಗಿತ್ತು, ಈಗ ಅದನ್ನು ಸರಿಪಡಿಸಲಾಗಿದೆ. ಏರಿನ ಮೇಲೆ ಪಡುವಣಕ್ಕೆ ಮುಖ ಮಾಡಿದ ಎತ್ತರದ ಕಟ್ಟಡ ಗಾಳಿಯನ್ನು ಚದರಡಿಯ ದರದಲ್ಲಿ ಮಾರಿಕೊಳ್ಳುತ್ತದೆ, ಹಿಂದಿನ ಸಾಲಿನವರು ಆ ಕಟ್ಟಡದ ಬೆನ್ನನ್ನು ನೋಡುತ್ತಾರೆ.

ಆ ಬೆನ್ನಿಗೂ ಇವರ ಕಿಟಕಿಗೂ ನಡುವೆ ಸೆಟ್‌ಬ್ಯಾಕ್ ಎಂಬ, ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ ಇರಬೇಕಲ್ಲವೇ? ಇದೆ. ಒಂದು ದಿನ ಅದರೊಳಗೆ ನಿಂತು ನೋಡಿ. ತಲೆಯ ಮೇಲೆ ಎರಡು ಕಟ್ಟಡಗಳ ಏಸಿ ಯಂತ್ರಗಳು ಎದುರುಬದುರಾಗಿ ಒಂದರ ಬಿಸಿಯುಸಿರನ್ನು ಇನ್ನೊಂದರ ಮುಖಕ್ಕೆ ಬಿಡುತ್ತಿರುತ್ತವೆ. ಕಾಲಡಿಯಲ್ಲಿ ಡೀಸೆಲ್ ಜನರೇಟರ್. ಗೋಡೆಯುದ್ದಕ್ಕೆ ಬಚ್ಚಲಿನ ಪೈಪುಗಳು. ಆಚೆಯವರ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ಈಚೆಯವರು ಎಣಿಸಿ ಒಲೆ ಆರಿಸಬಹುದು. ಈ ಸಂದಿಯ ಕಡೆಗೆ ತೆರೆಯುವ ಕಿಟಕಿಯನ್ನು ಯಾರೂ ತೆರೆಯುವುದಿಲ್ಲವಾದ್ದರಿಂದ ಎಲ್ಲರೂ ಏಸಿ ಹಾಕುತ್ತಾರೆ; ಎಲ್ಲರೂ ಏಸಿ ಹಾಕುವುದರಿಂದ ಸಂದಿ ಇನ್ನಷ್ಟು ಕಾಯುತ್ತದೆ. ನೆರೆಹೊರೆಯ ಬಾಂಧವ್ಯ ನಗರದಲ್ಲಿ ಉಳಿದಿಲ್ಲ ಎಂದು ಹೇಳುವವರಿಗೆ ನನ್ನ ಉತ್ತರ ಇದೇ: ಒಬ್ಬರ ಸೆಕೆಯನ್ನು ಇನ್ನೊಬ್ಬರು ಇಷ್ಟು ನಿಷ್ಠೆಯಿಂದ ಹಂಚಿಕೊಂಡದ್ದು ಹಿಂದೆ ಯಾವ ಕಾಲದಲ್ಲಿಯೂ ಇರಲಿಲ್ಲ.

ತಮಾಷೆಯೆಂದರೆ, ಸೆಕೆಯಲ್ಲಿ ಬದುಕುವುದು ಹೇಗೆಂದು ಹೊರಗಿನವರಿಗೆ ಕಲಿಸಿದ ಊರು ಇದು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯಿಂದ ಹೊರಟ ಮಂಗಳೂರು ಹಂಚು ಕಡಲು ದಾಟಿ ದೂರದ ಊರುಗಳ ಮಾಡುಗಳನ್ನು ಮುಚ್ಚಿತು. ಇಳಿಜಾರು ಮಾಡು, ಹಂಚಿನ ಸಂದಿಯಿಂದ ಹೊರಗೆ ಹೋಗುವ ಬಿಸಿಗಾಳಿ, ಮಳೆಯ ಇರಚಲನ್ನು ತಡೆಯುವ ಉದ್ದದ ಸೂರು, ಸುತ್ತ ಜಗಲಿ: ಇದೆಲ್ಲ ಹಳೆಯ ಕಾಲದ್ದೆಂದು ತೆಗೆದು ಚಪ್ಪಟೆ ತಾರಸಿ ಹಾಕಿದೆವು. ತಾರಸಿ ಎರಡು ಮಳೆಗಾಲಗಳಲ್ಲಿ ಸೋರಿತು, ಏಪ್ರಿಲಿನಲ್ಲಿ ಕಾದ ಕಾವಲಿಯಾಯಿತು. ಆದ್ದರಿಂದ ಈಗ ಊರಿಡೀ ತಾರಸಿಗಳ ಮೇಲೆ ಕಬ್ಬಿಣದ ಕಂಬ ನೆಟ್ಟು ಇಳಿಜಾರಾಗಿ ಶೀಟು ಹಾಕಲಾಗುತ್ತಿದೆ. ಹಂಚಿನ ಮಾಡನ್ನು ಬಿಟ್ಟು ಕಾಂಕ್ರೀಟಿಗೆ ಒಮ್ಮೆ, ಕಾಂಕ್ರೀಟಿನಿಂದ ಮಾಡಿಗೆ ಮತ್ತೊಮ್ಮೆ ಹಣ ಕೊಟ್ಟವರನ್ನು ಪ್ರಗತಿಪರರೆಂದು ಕರೆಯದೆ ವಿಧಿಯಿಲ್ಲ. ಜಗಲಿಯಂತೂ ಕಾನೂನಿಗೆ ಅರ್ಥವಾಗದ ವಸ್ತು. ಅಲ್ಲಿ ಕೂತವರು ಕೋಣೆಯಲ್ಲೂ ಇಲ್ಲ, ರಸ್ತೆಯಲ್ಲೂ ಇಲ್ಲ, ಅಂಥವರಿಗೆ ತೆರಿಗೆ ಹಾಕುವುದು ಹೇಗೆ?

ಪ್ರತಿ ವ್ಯಕ್ತಿಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಬೇಕೆಂದು ಕೇಂದ್ರದ ನಗರ ಯೋಜನಾ ಮಾರ್ಗಸೂಚಿ ಸಲಹೆ ಕೊಡುತ್ತದೆ. ಬಡಾವಣೆಯ ನಕ್ಷೆಯಲ್ಲಿ ಪಾರ್ಕ್ ಎಂದು ಬರೆದ ಮೂಲೆಗೆ ಹೋದರೆ ಓವರ್‌ಹೆಡ್ ಟ್ಯಾಂಕ್, ತ್ಯಾಜ್ಯದ ರಾಶಿ, ಬೀಗ ಹಾಕಿದ ಗೇಟು ಸಿಗುತ್ತವೆ. ಮಕ್ಕಳು ಕಾರುಗಳ ನಡುವೆ ಬೌಲಿಂಗ್ ಮಾಡುತ್ತಾರೆ. ಸದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂಬ ನಿಯಮ 2000ನೇ ಇಸವಿಯಿಂದ ಜಾರಿಯಲ್ಲಿದೆ, ಪೈಲಿಂಗ್ ಯಂತ್ರ ಅದನ್ನು ಓದಿಲ್ಲ.

ಇಷ್ಟೆಲ್ಲ ಆದ ಮೇಲೆ ಪರಿಹಾರ ಸೂಚಿಸದಿದ್ದರೆ ಬೇಜವಾಬ್ದಾರಿಯಾಗುತ್ತದೆ. ರಾಜ್ಯದ ಅಕ್ರಮ-ಸಕ್ರಮ ಯೋಜನೆಯಲ್ಲಿ ವಸತಿ ಕಟ್ಟಡಗಳ ಶೇ 50ರವರೆಗಿನ, ವಾಣಿಜ್ಯ ಕಟ್ಟಡಗಳ ಶೇ 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಕಟ್ಟಿಸಿಕೊಂಡು ಕ್ಷಮಿಸುವ ವ್ಯವಸ್ಥೆ ಇತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಕಟ್ಟಡಗಳಿಗೆ ಸಿಗದ ಆ ಕರುಣೆಯನ್ನು ಈಗ ಮನುಷ್ಯರಿಗೆ ವಿಸ್ತರಿಸಬಹುದು. ಯೋಜನೆಯ ಮಿತಿ ಮೀರಿ ಉಸಿರಾಡುವವರು, ಅನುಮತಿಯಿಲ್ಲದೆ ಬೆವರುವವರು, ವಾಹನವಿಲ್ಲದೆ ರಸ್ತೆಗೆ ಇಳಿಯುವವರು, ಮಂಜೂರಾದ ವಯಸ್ಸನ್ನು ದಾಟಿಯೂ ಮೆಟ್ಟಿಲು ಹತ್ತಲಾರೆ ಎನ್ನುವವರು ನಿಗದಿತ ಶುಲ್ಕ ತುಂಬಿ ತಮ್ಮ ದೇಹವನ್ನು ಸಕ್ರಮ ಮಾಡಿಕೊಳ್ಳಲಿ. ಶ್ವಾಸಕೋಶದಲ್ಲಿ ಶೇ 50ರವರೆಗಿನ ಉಲ್ಲಂಘನೆಗೆ ರಿಯಾಯಿತಿ ಇರಲಿ. ಅರ್ಜಿಯ ಜೊತೆ ಆಧಾರ್ ಪ್ರತಿ, ತೆರಿಗೆ ರಸೀದಿ, ಎಕ್ಸ್-ರೇ ಮತ್ತು ಅಕ್ಕಪಕ್ಕದ ಫ್ಲಾಟಿನವರ ನಿರಾಕ್ಷೇಪಣಾ ಪತ್ರ ಲಗತ್ತಿಸಬೇಕು. ಅರ್ಜಿಗಳನ್ನು ಖುದ್ದಾಗಿ ಬಂದು ಕೊಡಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಸ್ವೀಕಾರ ಇರುವುದಿಲ್ಲ, ಏಕೆಂದರೆ ಆ ತಿಂಗಳುಗಳಲ್ಲಿ ಕಚೇರಿಯ ಎದುರಿನ ರಸ್ತೆಯಲ್ಲಿ ಅನಿರೀಕ್ಷಿತವಾಗಿ ನೀರು ನಿಲ್ಲುತ್ತದೆ.