ಶನಿವಾರ ರಾತ್ರಿಯ ಚೀಟಿ

ನಾಳೆ ನಮ್ಮ ಕ್ರೈಸ್ತ ಸಭೆಯ ಆರಾಧನೆ ನಡೆಸುವ ಸರದಿ ನನ್ನದು. ಸಭಾಪಾಲಕರು ಬೇರೆ ಊರಿಗೆ ಹೋಗಿರುವುದರಿಂದ ಪ್ರಸಂಗವೂ ನನ್ನ ಪಾಲಿಗೇ ಬಂದಿದೆ. ವಾಕ್ಯಭಾಗ ಸತ್ಯವೇದದಲ್ಲಿ ಯೆಶಾಯ ಪ್ರವಾದಿಯ ಗ್ರಂಥದ 46ನೇ ಅಧ್ಯಾಯ.

ಆ ಅಧ್ಯಾಯದ ಆರಂಭದಲ್ಲೇ ಬಾಬೆಲಿನ (ಬ್ಯಾಬಿಲೋನಿನ) ಬೇಲ್ ಮತ್ತು ನೆಬೋ ವಿಗ್ರಹಗಳನ್ನು ಪಶುಗಳ ಮೇಲೆ ಹೇರಲಾಗಿದೆ. ದಣಿದ ಪಶುಗಳು ಭಾರಕ್ಕೆ ಕುಗ್ಗುತ್ತಿವೆ. ಅದರ ಬೆನ್ನಿಗೇ ದೇವರು ಯಾಕೋಬನ ಮನೆತನದೊಂದಿಗೆ, ಅಂದರೆ ತನ್ನ ಜನರಾದ ಇಸ್ರಾಯೇಲ್ಯರೊಂದಿಗೆ, ಮಾತನಾಡುತ್ತಾನೆ: ಗರ್ಭದಿಂದ ನಿಮ್ಮನ್ನು ಹೊತ್ತವನು ನಾನು, ನರೆ ಬಂದ ಮೇಲೂ ಹೊರುವವನು ನಾನೇ. ಕ್ರಿ.ಪೂ. 539ರಲ್ಲಿ ಪಾರಸಿಯ ಸೈನ್ಯ ಏರಿ ಬಂದಾಗ ಬಾಬೆಲಿನ ಅರಸ ನೆಬೊನೈಡಸನು ಊರೂರಿನ ವಿಗ್ರಹಗಳನ್ನು ಬಾಬೆಲಿಗೆ ಸಾಗಿಸಿ ತಂದಿಟ್ಟುಕೊಂಡಿದ್ದ. ಆದರೂ ಪಟ್ಟಣ ಪಾರಸಿಯ ಅರಸ ಕೋರೆಷನ ಕೈವಶವಾಯಿತು. ಕಾಪಾಡಬೇಕಾದವುಗಳನ್ನೇ ಕಾಪಾಡಬೇಕಾಗಿ ಬಂದಿತ್ತು.

ಈ ಭಾಗವನ್ನು ನೆರೆಮನೆಯ ದೇವರ ಕೋಣೆಯತ್ತ ಎಸೆಯುವ ಕಲ್ಲಾಗಿ ಬಳಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪ್ರವಾದಿ ಮಾತನಾಡುತ್ತಿರುವುದು ತನ್ನ ಜನರೊಂದಿಗೆ. ಸೀನಾಯಿ ಬೆಟ್ಟದ ಕೆಳಗೆ ಚಿನ್ನದ ಬಸವನನ್ನು ಮಾಡಿಸಿಕೊಂಡವರೂ ದೇವಜನರೇ, ಅದೂ ತಮ್ಮ ಕಿವಿಯ ಆಭರಣಗಳನ್ನು ಬಿಚ್ಚಿಕೊಟ್ಟು. ಲೋಭವೂ ವಿಗ್ರಹಾರಾಧನೆಯೇ ಎಂದು ಅಪೊಸ್ತಲ ಪೌಲನು ಬರೆದದ್ದು ಕೊಲೊಸ್ಸೆಯ ಸಭೆಯವರಿಗೆ. ಬೇರೆ ದೇವರುಗಳು ನಿನಗಿರಬಾರದು ಎಂಬ ಮೊದಲನೆಯ ಆಜ್ಞೆಯನ್ನು ವಿವರಿಸುತ್ತಾ ಸಭಾ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಇನ್ನೂ ನೇರವಾಗಿ ಕೇಳಿದರು: ನಿನ್ನ ಹೃದಯ ಯಾವುದಕ್ಕೆ ಅಂಟಿಕೊಂಡಿದೆಯೋ ಅದೇ ನಿನ್ನ ದೇವರಲ್ಲವೇ? ಭೂಮಿಯ ಮೇಲೆ ಎಲ್ಲಕ್ಕಿಂತ ಸಾಮಾನ್ಯವಾದ ವಿಗ್ರಹ ಹಣವೆಂದೂ ಅವರು ಹೇಳಿದ್ದಾರೆ.

ಅಮ್ಮನ ಶನಿವಾರಗಳು ನೆನಪಾಗುತ್ತವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಣಿಕೆಯ ಹಣವನ್ನು ಸತ್ಯವೇದದೊಳಗೆ ಇಟ್ಟುಬಿಡುತ್ತಿದ್ದರು. ಭಾನುವಾರದ ಮಾಂಸದ ಲೆಕ್ಕ ಅದಾದ ಮೇಲೆ. ಉಳಿದದ್ದನ್ನು ಕೊಡುವುದಾದರೆ ನಂಬಿಕೆ ಯಾಕೆ ಬೇಕು ಎನ್ನುತ್ತಿದ್ದರು. ಬಡತನದ ಮನೆ ನಮ್ಮದು, ಆ ಮಾತು ಅವರಿಗೆ ಸುಲಭವಾಗಿ ಬಂದದ್ದಲ್ಲ.

ನಾನು ಎಷ್ಟೋ ವರ್ಷ ಇಸ್ತ್ರಿ ಹಾಕಿದ ಅಂಗಿಯನ್ನೇ ಸಿದ್ಧತೆ ಎಂದುಕೊಂಡಿದ್ದೆ. ಕೆಲಸ ಹೋದ ವರ್ಷ ಗೊತ್ತಾಯಿತು: ಬಾಯಲ್ಲಿ ಕೀರ್ತನೆ, ಭರವಸೆಯೆಲ್ಲ ತಿಂಗಳ ಸಂಬಳದಲ್ಲಿ. ಸಂಬಳ ನನ್ನನ್ನು ಹೊತ್ತಿರಲಿಲ್ಲ. ರಾತ್ರಿಯಿಡೀ ಅದನ್ನು ಹೊತ್ತುಕೊಂಡಿದ್ದವನು ನಾನು. ಆ ಎಂಟು ತಿಂಗಳು ಮನೆ ನಡೆಯಿತು. ಸಭೆಯವರು ಅಕ್ಕಿ ತಂದುಕೊಟ್ಟರು, ತಂಗಿ ಮಕ್ಕಳ ಶುಲ್ಕ ಕಟ್ಟಿದಳು. ಹೊರುವವನು ಯಾರೆಂದು ಆಗ ಕಂಡೆ.

ಅಂದಿನಿಂದ ಶನಿವಾರ ರಾತ್ರಿ ಒಂದು ಚೀಟಿ ಬರೆಯುತ್ತೇನೆ. ಈ ವಾರ ನಿದ್ದೆ ಕೆಡಿಸಿದ್ದು ಯಾವುದು? ಯಾವುದು ಕೈತಪ್ಪಿದರೆ ನಾನು ಮುಗಿದೆ ಎನ್ನಿಸಿತು? ಅವು ಕೆಟ್ಟ ಸಂಗತಿಗಳೇ ಆಗಬೇಕಿಲ್ಲ, ಹೆಚ್ಚಿನವು ದೇವರು ಕೊಟ್ಟ ಒಳ್ಳೆಯ ವರಗಳೇ. ಮರುದಿನ ಪಾಪನಿವೇದನೆಯ ಹೊತ್ತಿಗೆ ಆ ಚೀಟಿ ಕೈಯಲ್ಲಿರುತ್ತದೆ. ಬಾಯಿಪಾಠವಾಗಿರುವ ಪ್ರಾರ್ಥನೆಯನ್ನು ಹಾಗೆ ಸುಮ್ಮನೆ ಒಪ್ಪಿಸಿಬಿಡಲು ಅದು ಬಿಡುವುದಿಲ್ಲ.

ನಮ್ಮ ಸಭೆಯ ಅಣ್ಣ, ಅಕ್ಕಂದಿರಲ್ಲಿ ಒಂದು ವಿನಂತಿ. ನಾಳೆ ಹತ್ತು ನಿಮಿಷ ಮೊದಲೇ ಬನ್ನಿ. ಪಾಪನಿವೇದನೆಗೆ ಮುಂಚೆ ಎರಡು ನಿಮಿಷ ಮೌನವಿರುತ್ತದೆ, ವಾದ್ಯವೂ ಇರುವುದಿಲ್ಲ. ನನ್ನ ಚೀಟಿ ಬರೆದಾಗಿದೆ. ಮೊದಲ ಸಾಲಿನಲ್ಲಿರುವುದು ಮಗಳ ಸಿಇಟಿ ಫಲಿತಾಂಶ.