ಬೇಡ ಅನ್ನೋದಕ್ಕೂ ಓದಬೇಕು

ನಾಯಿ ಬೇಕು ಅನ್ನುವವರಿಗೆ ಒಂದು ಅನುಕೂಲ ಇದೆ. ಅವರು ಕಾರಣ ಕೊಡಬೇಕಾಗಿಲ್ಲ. "ಎಷ್ಟ್ ಚೆಂದ ಇರ್ತೈತಿ!" ಅಂದರೆ ಮುಗಿಯಿತು. ಬೇಡ ಅನ್ನುವವರು ಮಾತ್ರ ಕಾರಣ ಹೇಳಬೇಕು. ಹೇಳಿದ ಕಾರಣಕ್ಕೆ ಮತ್ತೊಂದು ಕಾರಣ ಹೇಳಬೇಕು. ನಮ್ಮ ಮನೆಯಲ್ಲಿ ಆ ಬೇಡ ಅನ್ನುವವಳು ನಾನು. ಬೇಕು ಅನ್ನುವವರು ಮಗಳು, ಮಗ, ಮತ್ತೆ ಅವರಿಬ್ಬರ ಹಿಂದೆ ನಿಂತು ಗಾಳಿ ಹಾಕುವ ನಮ್ಮ ಯಜಮಾನರು. ಅತ್ತೆಯವರು ಯಾವ ಪಕ್ಷ ಅನ್ನೋದು ಆ ದಿನ ಅವರ ಮೊಣಕಾಲು ಎಷ್ಟು ನೋಯುತ್ತಿದೆ ಅನ್ನೋದರ ಮೇಲೆ.

ಬೇರೆ ಯಾವ ಊರಲ್ಲಾದರೂ ನಾಯಿ ಬೇಡ ಅಂದರೆ ಜನ ಸುಮ್ಮನಿದ್ದಾರು. ನಾವಿರುವುದು ಬಾಗಲಕೋಟೆಯಲ್ಲಿ. ಬೆಂಗಳೂರಿನ ನೆಂಟರು ಬಂದರೆ ಮೊದಲು ಕೇಳುವುದೇ, "ಮುಧೋಳ ನಿಮ್ಮ ಜಿಲ್ಲೆನೇ ಅಲ್ವಾ? ನಾಯಿ ಸಾಕಿಲ್ವಾ?" ಅಂತ. ಮುಧೋಳ ಅಂದರೆ ಬೇಟೆನಾಯಿಗೆ ಹೆಸರಾದ ಊರು. ಕವಿ ರನ್ನನ ಊರೂ ಹೌದು. ಆದರೆ ನಮ್ಮ ಮನೆಗೆ ಬಂದು, ಗದಾಯುದ್ಧ ಓದಿದ್ದೀರಾ ಅಂತ ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ.

ಮಕ್ಕಳು ಮೊದಲು ಹಿಡಿದದ್ದೂ ಅದೇ ದಾರಿ. ಜಿಲ್ಲೆಯ ಅಭಿಮಾನ. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಒಂದು ಜೋಡಿ ಮರಿ ಕಾಣಿಕೆ ಕೊಟ್ಟ ಕಥೆ ಬಂತು. 2005ರಲ್ಲಿ ಅಂಚೆ ಇಲಾಖೆ ಆ ನಾಯಿಯ ಅಂಚೆಚೀಟಿ ತಂದದ್ದು ಬಂತು. 2016ರಲ್ಲಿ ಸೇನೆಯವರು ತರಬೇತಿಗೆ ಅಂತ ಮರಿಗಳನ್ನು ಮೀರತ್‌ಗೆ ಒಯ್ದದ್ದು ಬಂತು. "ಮಿಲಿಟರಿಗೆ ಬೇಕಾದ ನಾಯಿ ನಮಗ್ ಬ್ಯಾಡೇನು?" ಅಂದ ಮಗ. ಮಿಲಿಟರಿಯಲ್ಲಿ ಹೇಲು ಬಳಿಯೋಕೆ ಬೇರೆ ಜನ ಇರ್ತಾರೆ ಅಂದೆ. ಅವನಿಗೆ ನಗು ಬಂತು, ವಾದ ಮುಂದಿನ ವಾರಕ್ಕೆ ಹೋಯಿತು.

ಯಜಮಾನರು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾರೆ. ಅವರ ವಾದ ಯಾವತ್ತೂ ಶಾಸನದಿಂದಲೇ ಶುರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಕಲ್ಲು ಸಿಕ್ಕಿದೆ. ಹತ್ತನೇ ಶತಮಾನದ್ದು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದಾಗ ಗಂಗರ ಬೂತುಗ ಅವನ ಜೊತೆಗಿದ್ದ. ಬೂತುಗನ ಕಡೆಯ ವೀರ ಮಣಲೇರ. ಯುದ್ಧ ಗೆದ್ದ ಖುಷಿಯಲ್ಲಿ ಬೂತುಗ ಅವನಿಗೆ, ಏನು ಬೇಕು ಬೇಡಿಕೋ ಅಂದ. ಮಣಲೇರ ಬೇಡಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು! ಆ ಕಾಳಿ ಮುಂದೆ ದೊಡ್ಡದೊಂದು ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಹಂದಿ ನಾಯಿ ಎರಡರ ಚಿತ್ರವೂ ಅದರ ಮೇಲಿದೆಯಂತೆ.

"ನೋಡು, ಊರು ಕೇಳಬಹುದಿತ್ತು, ಬಂಗಾರ ಕೇಳಬಹುದಿತ್ತು. ನಾಯಿ ಕೇಳಿದ" ಅಂದರು, ಕಣ್ಣು ಅರಳಿಸಿ.

"ಮಣಲೇರನ ಹೆಂಡ್ತಿನ್ನ ಯಾರರ ಒಂದು ಮಾತು ಕೇಳಿದ್ರೇನು?" ಅಂದೆ.

ಶಾಸನದಲ್ಲಿ ಆ ವಿಷಯ ಇಲ್ಲವಂತೆ. ಇರೋದಿಲ್ಲ ಬಿಡಿ. ಯಜಮಾನರು ಧರ್ಮರಾಜನ ಕಡೆಗೆ ಹೊರಳಿದರು. ಸ್ವರ್ಗದ ಬಾಗಿಲವರೆಗೂ ಜೊತೆಗೆ ಬಂದದ್ದು ನಾಯಿ ಒಂದೇ, ತಮ್ಮಂದಿರು ಅಲ್ಲ, ಹೆಂಡತಿಯೂ ಅಲ್ಲ ಅಂದರು. ಕೊನೆಯ ಪದ ಹೇಳುವಾಗ ನನ್ನ ಕಡೆ ನೋಡಬಾರದಿತ್ತು. ಆ ನಾಯಿ ದಾರಿಯಲ್ಲಿ ನಡೆದು ಬಂತು, ಯಾರ ಪಡಸಾಲೆಯಲ್ಲೂ ಮಲಗಲಿಲ್ಲ ಅಂತ ನಾನೂ ಹೇಳಿದೆ.

ಇಂಥ ಮಾತು ಮನರಂಜನೆಗೆ ಸರಿ. ಆದರೆ ಬೇಡ ಅನ್ನೋದಕ್ಕೆ ನನಗೆ ಗಟ್ಟಿ ಕಾರಣ ಬೇಕಿತ್ತು. ಸುಮ್ನೆ ಹಟ ಅನ್ನಿಸಿಕೊಳ್ಳೋಕೆ ಇಷ್ಟವಿರಲಿಲ್ಲ. ಹಾಗಾಗಿ ಓದತೊಡಗಿದೆ, ಕೇಳತೊಡಗಿದೆ. ಸರಕಾರಿ ಪಶು ಆಸ್ಪತ್ರೆಯ ಡಾಕ್ಟರನ್ನೂ ಬಿಡಲಿಲ್ಲ.

ಸಿಕ್ಕ ಮೊದಲ ಅಸ್ತ್ರ ಉಳ್ಳಾಗಡ್ಡಿ. ಮಕ್ಕಳ ದೊಡ್ಡ ವಾದ ಏನಿತ್ತು ಅಂದರೆ, "ನಾವು ಉಂಡು ಉಳಿದದ್ದು ಹಾಕಿದ್ರ ಆತು, ಖರ್ಚ ಇಲ್ಲ." ನಾಯಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಆಗುವುದಿಲ್ಲ. ಹಸಿ ಇರಲಿ, ಬೇಯಿಸಿದ್ದಿರಲಿ, ರಕ್ತದ ಕೆಂಪು ಕಣ ಒಡೆಯುತ್ತವೆ. ಈಗ ನಮ್ಮ ಅಡುಗೆಮನೆ ನೋಡಿ. ಝುಣಕದಲ್ಲಿ ಉಳ್ಳಾಗಡ್ಡಿ. ಬದನೆಕಾಯಿ ಪಲ್ಯದಲ್ಲಿ ಉಳ್ಳಾಗಡ್ಡಿ. ರೊಟ್ಟಿ ಪಕ್ಕದಲ್ಲಿ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಬೀಳದೇ ಇರೋದು ಹಾಲಿಗೆ ಮಾತ್ರ. ದ್ರಾಕ್ಷಿ ಇನ್ನೂ ಕೆಟ್ಟದ್ದು, ನಾಯಿಯ ಕಿಡ್ನಿಗೆ ಹೊಡೆತ. ಪಕ್ಕದ ವಿಜಯಪುರ ದ್ರಾಕ್ಷಿಯ ಜಿಲ್ಲೆ. ಅಲ್ಲಿಂದ ಬರುವ ನೆಂಟರ ಕೈಯಲ್ಲಿ ಮಣೂಕದ, ಅಂದರೆ ಒಣದ್ರಾಕ್ಷಿಯ, ಚೀಲ ಇದ್ದೇ ಇರುತ್ತದೆ. ಬಂದ ನೆಂಟರು ಪ್ರೀತಿಯಿಂದ ನಾಯಿಗೆ ನಾಲ್ಕು ಮಣೂಕ ಹಾಕಿದರೆ ಮುಗಿಯಿತು ಕಥೆ. ಇದನ್ನೆಲ್ಲ ಊಟಕ್ಕೆ ಕೂತಾಗ ವಿವರಿಸಿದೆ. ಎಲ್ಲರೂ ಗಂಭೀರವಾಗಿ ಕೇಳಿದರು. ಆಗ ಮಗಳು, "ಹಂಗಾರ ಗೇಟಿನ ಹಂತೇಕ ಇರೋದಕ್ಕ ನೀ ಝುಣಕ ಯಾಕ ಹಾಕ್ತಿ?" ಅಂದಳು.

ಗೇಟಿನ ಹಂತೇಕ ಇರೋದು ಅಂದರೆ ಬೀದಿಯ ಕಂದು ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದೆ. ಅತ್ತೆಯವರು ದಿನಾ ಅದಕ್ಕೊಂದು ಕಟಕ ರೊಟ್ಟಿ ಹಾಕುತ್ತಾರೆ. ಅದು ರೊಟ್ಟಿಯನ್ನು ಮುಂಗಾಲು ಎರಡರ ನಡುವೆ ಒತ್ತಿ ಹಿಡಿದು, ತಲೆ ಓರೆ ಮಾಡಿ, ಒಂದೇ ಬದಿಯ ಹಲ್ಲಿನಿಂದ ಕಟಂ ಅಂತ ಮುರಿಯುತ್ತದೆ. ಸುತ್ತಲಿನ ಅಂಚು ಮೊದಲು, ನಡುವಿನದು ಆಮೇಲೆ. ನೆಲಕ್ಕೆ ಬಿದ್ದ ಚೂರನ್ನೂ ಹುಡುಕಿ ಹುಡುಕಿ ನೆಕ್ಕುತ್ತದೆ. ನಮ್ಮ ಮಕ್ಕಳು ತಟ್ಟೆಯಲ್ಲಿ ಇಷ್ಟು ಶಿಸ್ತಾಗಿ ಉಂಡಿದ್ದನ್ನು ನಾನು ಕಂಡಿಲ್ಲ. ಉಳಿದ ಝುಣಕ ಹಾಕುತ್ತಿದ್ದವಳು ನಾನೇ, ನಿಜ. ಅವತ್ತಿಂದ ನಿಲ್ಲಿಸಿದೆ, ಮೊಸರನ್ನಕ್ಕೆ ಬದಲಾಯಿಸಿದೆ. ಆದರೆ ಬೀದಿ ನಾಯಿಯ ಲೆಕ್ಕ ಬೇರೆ, ಮನೆ ನಾಯಿಯ ಲೆಕ್ಕ ಬೇರೆ. ಅದಕ್ಕೆ ನಮ್ಮ ಓಣಿಯಲ್ಲಿ ಇನ್ನೂ ಮೂರ್ನಾಲ್ಕು ಮನೆ ಇವೆ. ನಾವು ಬನಶಂಕರಿ ಜಾತ್ರೆಗೆ ಬೀಗ ಹಾಕಿಕೊಂಡು ಹೋದರೂ ಅದರ ಊಟ ತಪ್ಪುವುದಿಲ್ಲ. ಮನೆ ನಾಯಿಗೆ ನಾವಷ್ಟೇ. ಇಷ್ಟು ಸಣ್ಣ ವಿಷಯ ಬೇಕು ಅನ್ನುವವರ ತಲೆಗೆ ಯಾಕೆ ಹೋಗೋದಿಲ್ಲವೋ!

ಮುಧೋಳ ನಾಯಿಯ ವಿಷಯ ಮಾತ್ರ ಬೇಗ ಬಗೆಹರಿಯಿತು. ಆ ಕಡೆ ಒಂದು ಮದುವೆಗೆ ಹೋದಾಗ ಹೊಲವೊಂದರಲ್ಲಿ ಹತ್ತಿರದಿಂದ ನೋಡಿದೆ. ಎತ್ತರ ಅಂದರೆ ನನ್ನ ತೊಡೆಯವರೆಗೆ. ಪಕ್ಕೆಲುಬು ಎಣಿಸಬಹುದು, ನಡು ಒಳಗೆ ಸೇರಿಹೋಗಿದೆ. ಪಾಪ, ಇವರು ಅನ್ನ ಹಾಕೋದಿಲ್ಲ ಅಂತಲೇ ತಿಳಿದೆ. ಸಾಕಿದ ಯಜಮಾನ ನಕ್ಕ. "ಅದರ ಮೈನ ಹಂಗ್ರೀ ಅಕ್ಕಾರ. ದಪ್ಪಾದ್ರ ಓಡೂದಿಲ್ಲ" ಅಂದ. ನಾನು ಕೈ ಮುಂದೆ ಮಾಡಿದರೆ ಅದು ಉದ್ದ ಮೋರೆ ಆಚೆ ತಿರುಗಿಸಿತು. ಬೊಗಳಲಿಲ್ಲ, ಹತ್ತಿರವೂ ಬರಲಿಲ್ಲ. ಆಮೇಲೆ ದೂರದಲ್ಲಿ ಏನೋ ಕಂಡು ಎದ್ದು ಓಡಿತು ನೋಡಿ, ಎರಡು ಹೊಲ ದಾಟಿ ಹೋಗುವವರೆಗೆ ನನ್ನ ಬಾಯಿ ಮುಚ್ಚಲಿಲ್ಲ. ಮೂಗಿಗಿಂತ ಕಣ್ಣನ್ನೇ ನಂಬಿ ಬೇಟೆಯಾಡುವ ಜಾತಿ ಅದು. ಓಡೋದಕ್ಕೇ ಹುಟ್ಟಿದ್ದು. ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದವರು ಇದಕ್ಕಂತಲೇ ಒಂದು ಕೇಂದ್ರ ಮಾಡಿದ್ದಾರೆ, ಮರಿ ಬೇಕಾದರೆ ಅಲ್ಲೇ ವಿಚಾರಿಸಿ ಅಂತಲೂ ಆತ ಹೇಳಿದ. ಆದರೆ ನವನಗರದ 30-40ರ ಸೈಟಿನಲ್ಲಿ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಅದನ್ನು ಕಟ್ಟಿಹಾಕೋದು ಜಿಲ್ಲೆಯ ಅಭಿಮಾನ ಅಲ್ಲ, ಜಿಲ್ಲೆಗೆ ಮಾಡುವ ಅವಮಾನ. ಇನ್ನು ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹಿಮದ ಹಸ್ಕಿ ಸಾಕಿ ಫೋಟೊ ಹಾಕುವವರ ಬಗ್ಗೆ ನಾನು ಮಾತಾಡೋದೇ ಇಲ್ಲ. ಮಾತಾಡಿದರೆ ಬಾಯಿ ಹೊಲಸಾಗುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ ರೀ, ನಾಲಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು.

ಹೀಗೆ ಒಂದೊಂದೇ ಬೇಡ ಹುಡುಕುತ್ತಾ ಹೋದೆ. ಎಂಟು ವಾರದೊಳಗಿನ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಆಮೇಲೆ ಮತ್ತೆ ಮತ್ತೆ ಹಾಕಿಸಬೇಕು. ರೇಬಿಸ್ ಚುಚ್ಚುಮದ್ದು ಮೂರು ತಿಂಗಳಾದ ಮೇಲೆ, ಮುಂದೆ ಡಾಕ್ಟರು ಹೇಳಿದ ಹಾಗೆ ಬೂಸ್ಟರ್. ಯಾರಿಗಾದರೂ ಕಚ್ಚಿದರೆ ಖಾರಪುಡಿ, ಸುಣ್ಣ ಅಂತ ಹಚ್ಚುತ್ತಾ ಕೂಡಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಓಡಬೇಕು. ಬೇಯಿಸಿದ ಎಲುಬು ಹಾಕಬಾರದು, ಸಿಬಿರಾಗಿ ಕರುಳಿಗೆ ಚುಚ್ಚುತ್ತದೆ. ಮಕ್ಕಳನ್ನು ಹೆದರಿಸೋಕೆ ಕಲಿತ ವಿದ್ಯೆ ಇದೆಲ್ಲ. ಆದರೆ ಓಣಿಯಲ್ಲಿ ಯಾರ ನಾಯಿ ವಾಂತಿ ಮಾಡಿಕೊಂಡರೂ ಈಗ ನಮ್ಮ ಮನೆಗೆ ಬಂದು ಕೇಳುತ್ತಾರೆ. "ಅಕ್ಕಾರ, ನಿಮ್ಮನಿಯಾಗ ಯಾವ ನಾಯಿ ಐತ್ರೀ?" ಅಂತ ಮೊನ್ನೆ ಒಬ್ಬಾಕೆ ಕೇಳಿದಳು. ಇಲ್ಲ ಅಂದರೆ ನಂಬಲಿಲ್ಲ.

ಮಗಳು ಇಷ್ಟರಲ್ಲಿ ಹೊಸ ಉಪಾಯ ತೆಗೆದಳು. ಬೆಳಿಗ್ಗೆ ಎದ್ದು ನಾಯಿಯನ್ನು ತಿರುಗಾಡಿಸೋದು ನಿಮ್ಮಿಂದ ಆಗೋದಿಲ್ಲ ಅಂತ ನಾನು ಹೇಳುತ್ತಿದ್ದೆನಲ್ಲ. ಸರಿ, ನಾಯಿ ಇಲ್ಲದೇ ತಿರುಗಾಡಿ ತೋರಿಸ್ತೀನಿ ಅಂದಳು. ಆರು ಗಂಟೆಗೆ ತಮ್ಮನನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಮೊದಲ ದಿನ ಅವನ ಕೈಗೆ ಹಗ್ಗ ಕಟ್ಟಿದ್ದಳು. ಎದುರು ಮನೆಯವರು ಬಂದು ಹೇಳಿದ ಮೇಲೆ ಹಗ್ಗ ಬಿಡಿಸಿದೆ. ಬೇಸರ ಬಂದು ಬಿಡುತ್ತಾರೆ ಅಂದುಕೊಂಡಿದ್ದೆ, ಬಿಡಲಿಲ್ಲ. ಮಳೆ ಹನಿಯುವಾಗಲೂ ಕೊಡೆ ಹಿಡಿದು ಹೋದರು. ಕಂದು ನಾಯಿಯೂ ಅವರ ಹಿಂದೆ ಹೊರಡತೊಡಗಿತು, ಯಾರೂ ಕರೆಯದೆ.

ಆಗ ನಾನು ಕೂತು ಲೆಕ್ಕ ಹಾಕಿದೆ. ನಾಯಿ ಹತ್ತು, ಹನ್ನೆರಡು ವರ್ಷ ಬದುಕುತ್ತದೆ. ಮಗಳು ಈಗ ಒಂಬತ್ತನೇ ತರಗತಿ. ಪಿಯುಸಿ ಮುಗಿದರೆ ಧಾರವಾಡವೋ ಬೆಂಗಳೂರೋ, ಎಲ್ಲಿಗೋ ಹೋಗುವವಳೇ. ಅವಳ ಹಿಂದೆ ಮಗನೂ. ನಾಯಿ ಅರ್ಧ ವಯಸ್ಸಿಗೆ ಬರುವಾಗ ಮನೆಯಲ್ಲಿ ಉಳಿಯುವವರು ಯಾರು? ಈ ಪ್ರಶ್ನೆ ಕೇಳಿದರೆ ಮಕ್ಕಳು ನನ್ನನ್ನು ನೋಡುತ್ತಾರೆ. ನಾನು ಯಜಮಾನರನ್ನು ನೋಡಿದೆ.

ಒಂದು ಹಾಳೆಯಲ್ಲಿ ಎಲ್ಲ ಬರೆದು ಫ್ರಿಜ್ಜಿಗೆ ಅಂಟಿಸಿದೆ. ತರೋದಾದರೆ ನಮ್ಮ ಓಣಿಯದೇ ಮರಿ, ಮಳೆಗಾಲ ಕಳೆದ ಮೇಲೆ. ದೇವರ ಕೋಣೆಗೂ ಅಡುಗೆಮನೆಗೂ ಪ್ರವೇಶವಿಲ್ಲ. ಇದನ್ನು ಬರೆಸಿದವರು ಅತ್ತೆ. ಬೆಳಗಿನ ತಿರುಗಾಟ ಮಗಳದು, ಸಂಜೆಯದು ಮಗನದು, ಅನ್ನ ನನ್ನದು. ಕೆಳಗೆ ಇನ್ನೊಂದು ಸಾಲು: ಮಕ್ಕಳು ಊರು ಬಿಟ್ಟ ಮೇಲೆ ಬೆಳಿಗ್ಗೆ ಆರರ ತಿರುಗಾಟ, ಹೇಲು ಬಳಿಯುವುದು, ಆಸ್ಪತ್ರೆಗೆ ಒಯ್ಯುವುದು ಮನೆಯ ಯಜಮಾನರದು. ಮುಂದೆ ಸಹಿಗೆ ಜಾಗ.

ಮಗಳು ಅವತ್ತೇ ಸಹಿ ಮಾಡಿದಳು. ಮಗ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಮಾಡಿದ. ಅತ್ತೆಯವರು ಕೇಳಿ ಪೆನ್ನು ಇಸಕೊಂಡರು. ಯಜಮಾನರು ಮಾತ್ರ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದರು. ಆತಕೂರಿನ ಶಾಸನವನ್ನೂ ಅವರು ಅಷ್ಟು ನಿಧಾನವಾಗಿ ಓದಿರಲಿಕ್ಕಿಲ್ಲ. ಹಾಳೆ ಇನ್ನೂ ಫ್ರಿಜ್ಜಿನ ಮೇಲೆ ಇದೆ, ಅವರ ಜಾಗ ಖಾಲಿ. ಮಕ್ಕಳು ಈಗ ನನ್ನ ಹತ್ತಿರ ಬರೋದು ಬಿಟ್ಟಿದ್ದಾರೆ. ಸಂಜೆ ಶಾಲೆಯಿಂದ ಬಂದ ಅಪ್ಪನನ್ನು ಗೇಟಿನಲ್ಲೇ ಹಿಡಿಯುತ್ತಾರೆ.

"ನೋಡೂಣು ತಡೀರಿ" ಅನ್ನುತ್ತಾರೆ ಅವರು. "ನಾಯಿ ಅಂದ್ರ ಸಣ್ಣ ಜವಾಬ್ದಾರಿ ಅಲ್ಲ."