ಕಂಟಕ ಮನೆಗಲ್ಲ, ಮೀನಿಗೆ

ಗೋಲ್ಡ್ ಫಿಶ್ ಸತ್ತರೆ ಶುಭ ಎಂದು ಮೊದಲು ಹೇಳಿದವನು ಯಾರೋ ತಿಳಿಯದು, ಆದರೆ ಅವನು ಮೀನಿನ ಅಂಗಡಿ ಇಟ್ಟಿದ್ದನೆಂಬುದರಲ್ಲಿ ನನಗೆ ಅನುಮಾನವಿಲ್ಲ. ಎಂಟು ಕೆಂಪು ಮೀನು, ಒಂದು ಕಪ್ಪು ಮೀನು, ಈಶಾನ್ಯ ಮೂಲೆಯಲ್ಲಿ ಒಂದು ಗಾಜಿನ ಬೌಲ್. ಒಂದು ಸತ್ತರೆ ಮನೆಯ ಮೇಲಿನ ದೃಷ್ಟಿಯನ್ನು ಅದೇ ಎಳೆದುಕೊಂಡು ಹೋಯಿತು, ಕಂಟಕ ಕಳೆಯಿತು, ಹೊಸದನ್ನು ತಂದು ಬಿಡಿ! ಮಿಕ್ಸಿ ಮಾರುವವರಿಗೆ ಈ ಭಾಗ್ಯವಿಲ್ಲ. ಅದು ಕೆಟ್ಟರೆ ಗಿರಾಕಿ ಜಗಳಕ್ಕೆ ಬರುತ್ತಾನೆ. ಇಲ್ಲಿ ಕೈಮುಗಿದು ಇನ್ನೊಂದನ್ನು ಕೊಳ್ಳುತ್ತಾನೆ. (ವಾಸ್ತು ಎಂದು ಮಾರುವ ಈ ಒಂಬತ್ತರ ಲೆಕ್ಕ ಚೀನಾದವರ ವಾಸ್ತುವಾದ ಫೆಂಗ್ ಶುಯಿಯದ್ದು. ಇರಲಿ, ಮೀನೂ ಅಲ್ಲಿಯದೇ.)

ಕಂಟಕಕ್ಕೆ ಒಂದು ಹೆಸರಿದೆ: ಅಮೋನಿಯಾ. ಗೋಲ್ಡ್ ಫಿಶ್ ಕಾರ್ಪ್ ಕುಟುಂಬದ ಮೀನು, ಅದಕ್ಕೆ ನಿಜವಾದ ಜಠರವೇ ಇಲ್ಲ. ದಿನವಿಡೀ ತಿನ್ನುತ್ತದೆ, ದಿನವಿಡೀ ಹೊಲಸು ಮಾಡುತ್ತದೆ. ಕಿವಿರುಗಳಿಂದಲೇ ಅಮೋನಿಯಾವನ್ನು ನೀರಿಗೆ ಬಿಡುತ್ತದೆ. ಫಿಲ್ಟರಿನ ಸ್ಪಾಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಆಮೇಲೆ ನೈಟ್ರೇಟ್ ಆದ ಮೇಲೆ ಅಪಾಯ ಕಡಿಮೆ, ವಾರಕ್ಕೊಮ್ಮೆ ಒಂದಷ್ಟು ನೀರು ಬದಲಿಸಿದರೆ ಸಾಕು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಬೌಲಿನಲ್ಲಿ ಫಿಲ್ಟರೇ ಇಲ್ಲ, ಬ್ಯಾಕ್ಟೀರಿಯಾ ಎಲ್ಲಿ ಕೂರಬೇಕು? ಮೀನು ಉಸಿರಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತದೆ. ಮನೆಯವರು "ಪಾಪ, ಹಸಿದಿದೆ" ಎಂದು ಇನ್ನೊಂದು ಹಿಡಿ ಕಾಳು ಹಾಕುತ್ತಾರೆ. ಆ ಕಾಳು ಕೊಳೆತು ಮತ್ತಷ್ಟು ಅಮೋನಿಯಾ.

ನೀರು ಮಬ್ಬಾದರೆ ಇಡೀ ಬೌಲನ್ನು ಬರಿದು ಮಾಡಿ, ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ನಲ್ಲಿಯಿಂದ ನೇರವಾಗಿ ನೀರು ತುಂಬುತ್ತಾರೆ. ಬೆಂಗಳೂರಿನ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಮೀನಿಗೆ ಅದು ವಿಷ, ಅದಕ್ಕೆ ಕೆಲವು ಹನಿ ಆಂಟಿ-ಕ್ಲೋರಿನ್ ಸಾಕೆಂದು ಒಬ್ಬ ಅಂಗಡಿಯವನಾದರೂ ಹೇಳಬೇಕಲ್ಲವೇ? ಹೇಳುವುದಿಲ್ಲ. ಮೀನು ಮಂಕಾದ ಮೇಲೆ ಹೋದರೆ ಮಾತ್ರ ನೀಲಿ ಔಷಧದ ಬಾಟಲಿ ಸಿದ್ಧವಾಗಿರುತ್ತದೆ. ರೆಕ್ಕೆ ಹರಿದರೂ ಅದೇ, ಹೊಟ್ಟೆ ಉಬ್ಬಿದರೂ ಅದೇ. ಕಾಯಿಲೆ ನೀರಿನದ್ದಾದರೆ ಬಣ್ಣ ಹಾಕಿ ಏನು ಪ್ರಯೋಜನ?

ನಮ್ಮ ಮೇಲಿನ ಮಹಡಿಯ ಹಿರಿಯರಿಗೆ ಒಮ್ಮೆ ಲೆಕ್ಕ ಹಾಕಿ ತೋರಿಸಿದೆ. ಒರಾಂಡಾ, ರಂಚು, ಬ್ಲ್ಯಾಕ್ ಮೂರ್‌ನಂಥ ದುಂಡು ಗೋಲ್ಡ್ ಫಿಶ್ ತಳಿಗಳನ್ನು ಸಾಕುವವರು ಮೊದಲ ಮೀನಿಗೆ ಸುಮಾರು 75 ಲೀಟರ್, ಆಮೇಲಿನ ಪ್ರತಿಯೊಂದಕ್ಕೂ 40 ಲೀಟರ್ ಎಂದು ಲೆಕ್ಕ ಇಡುತ್ತಾರೆ. ಒಂಬತ್ತು ಮೀನಿಗೆ 395 ಲೀಟರ್. ಅಂದರೆ ನೀರಿನ ತೂಕವೇ ನಾಲ್ಕು ಕ್ವಿಂಟಲ್ ಹತ್ತಿರ. ಅವರ ಬೌಲಿಗೆ ಹಿಡಿಸುವುದು ಐದು ಲೀಟರ್. "ಅಂಗಡಿಯವನು ಬೌಲಿನ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ ಎಂದನಲ್ಲ" ಎಂದರು. ಬೆಳೆಯುವುದಿಲ್ಲ ಸರ್, ನಿಜ. ಬೆಳೆಯುವ ಮೊದಲೇ ಸಾಯುತ್ತದೆ. ಒಳ್ಳೆಯ ನೀರಿನಲ್ಲಿ ಇದೇ ಮೀನು ಗೇಣುದ್ದ ಬೆಳೆದು ಹತ್ತು ಹದಿನೈದು ವರ್ಷ ಬಾಳುತ್ತದೆ. ಅವರು ತಲೆಯಾಡಿಸಿ ಕಾಫಿ ಕೊಟ್ಟರು. ಮುಂದಿನ ವಾರ ಹೊಸ ಕಪ್ಪು ಮೀನು ಬಂದಿತ್ತು. ಫಿಲ್ಟರ್ ಮಾತ್ರ ಬರಲಿಲ್ಲ, ಈಶಾನ್ಯದಲ್ಲಿ ಮೋಟಾರಿನ ಸದ್ದು ಇರಬಾರದಂತೆ!

ಇಟಲಿಯ ರೋಮ್ ನಗರ 2005ರಲ್ಲೇ ಗೋಲ್ಡ್ ಫಿಶ್‌ಗಳನ್ನು ದುಂಡು ಬೌಲಿನಲ್ಲಿ ಇಡುವುದನ್ನು ನಿಷೇಧಿಸಿತು. ನಮ್ಮಲ್ಲಿ ಅದನ್ನೇ ರಿಬ್ಬನ್ ಕಟ್ಟಿ ಹುಟ್ಟುಹಬ್ಬಕ್ಕೂ ಗೃಹಪ್ರವೇಶಕ್ಕೂ ಕೊಡುತ್ತಾರೆ. ಕೊಟ್ಟವರಿಗೆ ಫೋಟೋ, ಪಡೆದವರಿಗೆ ತಲೆನೋವು, ಮೀನಿಗೆ ಸಾವು.

ಇನ್ನು ನನ್ನ ಮನೆಗೆ ಬರುವವರು. ನಾಲ್ಕಡಿಯ ತೊಟ್ಟಿ, ಎರಡು ಸ್ಪಾಂಜ್ ಫಿಲ್ಟರ್, ಒಳಗೆ ಮೂರೇ ಮೀನು. "ಇಷ್ಟು ಜಾಗ ಖಾಲಿ ಬಿಟ್ಟಿದ್ದೀರಲ್ಲ, ಇನ್ನೂ ಹತ್ತು ಬಿಡಬಹುದಿತ್ತು" ಎನ್ನದವರೇ ಇಲ್ಲ. ಖಾಲಿ ಎಲ್ಲಿದೆ? ಅದು ಅವುಗಳ ಉಸಿರು. ಮಕ್ಕಳು ಗಾಜು ಬಡಿಯುತ್ತಾರೆ, ದೊಡ್ಡವರು ಬಿಸ್ಕತ್ತು ಪುಡಿ ಮಾಡುತ್ತಾರೆ, ಹೋಗುವಾಗ ಒಬ್ಬರಾದರೂ "ಕಪ್ಪು ಮೀನು ಇಲ್ಲವೇ, ಒಂದು ಇರಬೇಕು" ಎಂದು ಉಪದೇಶಿಸುತ್ತಾರೆ.

ಈಶಾನ್ಯದಲ್ಲಿ ನೀರಿರಲೇಬೇಕೆಂಬ ನಂಬಿಕೆ ನಿಮ್ಮದು, ನನಗೆ ಜಗಳವಿಲ್ಲ. ಹಿತ್ತಾಳೆಯ ಉರುಳಿಯಲ್ಲಿ ನೀರು ತುಂಬಿ ಸೇವಂತಿಗೆ ತೇಲಿಬಿಡಿ. ಬಾಡಿದರೆ ಎಸೆದು ಹೊಸದನ್ನು ತನ್ನಿ, ಬೇಕಾದರೆ ದಿನಾ ತನ್ನಿ.